ಎಡಗಾಲಿನ ಚಿನ್ನದ ತೊಡರು: ಹೊಯ್ಸಳ ಯೋಧರ ‘ಸಮವಸ್ತ್ರ’ ಯಾವುದು?

ಹಳೇಬೀಡು: ಹೊಯ್ಸಳೇಶ್ವರ ದೇವಾಲಯಕ್ಕೆ ಬರುವ ಪ್ರವಾಸಿಗರು ಗೋಡೆಯ ಕೆಳಭಾಗದ ಆನೆ, ಸಿಂಹ, ಕುದುರೆ ಸವಾರರ ಸಾಲುಗಳನ್ನು ಕಣ್ತುಂಬ ನೋಡುತ್ತಾರೆ. ಆದರೆ ದೇವಾಲಯದ ದಕ್ಷಿಣ ಭಾಗದಲ್ಲಿರುವ ಕಂಬವೊಂದರ ಬಳಿ ನಿಲ್ಲುವವರು ವಿರಳ. ಹೊಯ್ಸಳ ಯೋಧರ ಉಡುಗೆ-ತೊಡುಗೆ ಮತ್ತು ಶಿಸ್ತಿನ ಬಗ್ಗೆ ಗೋಡೆಯ ಶಿಲ್ಪಗಳಿಗಿಂತ ಹೆಚ್ಚಿನದನ್ನು ಹೇಳುವುದು ಈ ಕಂಬ ಎಂಬುದು ಗಮನಾರ್ಹ.

ಸೇನೆ ಎಂದೊಡನೆ ಇಂದು ನೆನಪಾಗುವುದು ಒಂದೇ ಬಣ್ಣದ ಸಮವಸ್ತ್ರ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಅಂಥದ್ದನ್ನು ಹುಡುಕಹೊರಟರೆ ನಿರಾಶೆ ಖಚಿತ. ಅಲ್ಲಿ ದೇವತೆಗಳಿಗೂ, ನರ್ತಕಿಯರಿಗೂ, ವೀರರಿಗೂ ಆಭರಣಗಳ ಭಾರವಿದೆ. ಅದು ಶಿಲ್ಪಿಯ ಸಂಪ್ರದಾಯವೇ ಹೊರತು ರಣರಂಗದ ವರದಿಯಲ್ಲ. ಆದ್ದರಿಂದ ಕೇವಲ ಶಿಲ್ಪ ನೋಡಿ ಸೈನಿಕರ ವೇಷವನ್ನು ನಿರ್ಧರಿಸುವುದು ಅಪಾಯಕರ.

ಕಂಬ ಹೇಳುವ ಕಥೆ

ಹಳೇಬೀಡಿನ ವೀರಸ್ತಂಭದಲ್ಲಿ ಕೆತ್ತಿರುವ ಶಾಸನವು ಇಮ್ಮಡಿ ವೀರಬಲ್ಲಾಳನ (1173-1220) ದಂಡನಾಯಕ ಕುವರ ಲಕ್ಷ್ಮನಿಗೆ ಸಂಬಂಧಿಸಿದ್ದು. ಲಕ್ಷ್ಮ, ಆತನ ಪತ್ನಿ ಸುಗ್ಗಲದೇವಿ ಹಾಗೂ ಆತನೊಡನೆ ಬಾಳಿ ಆತನೊಡನೆಯೇ ಸಾಯುವ ಪ್ರತಿಜ್ಞೆ ಮಾಡಿದ ಸಾವಿರ ವೀರರ ಪ್ರಸ್ತಾಪ ಅದರಲ್ಲಿದೆ. ಇವರೆಲ್ಲರ ಗುರುತು ಬಟ್ಟೆಯಲ್ಲ. ಎಡಗಾಲಿಗೆ ತೊಟ್ಟ ಚಿನ್ನದ ತೊಡರು. ಸಾವಿಗೆ ಸಿದ್ಧ ಎಂಬುದನ್ನು ಬಹಿರಂಗವಾಗಿ ಸಾರುವ ಚಿಹ್ನೆ ಅದು. ಕಂಬದ ಸುತ್ತ ಕತ್ತಿಯಿಂದ ತಮ್ಮ ಅಂಗಾಂಗಗಳನ್ನೂ, ತಲೆಯನ್ನೂ ಕತ್ತರಿಸಿಕೊಳ್ಳುತ್ತಿರುವ ವೀರರ ಉಬ್ಬುಶಿಲ್ಪಗಳಿವೆ.

ಇಂತಹ ಆತ್ಮಾರ್ಪಣೆಯ ಯೋಧರನ್ನು ‘ಗರುಡ’ರೆಂದು ಕರೆಯಲಾಗುತ್ತಿತ್ತು. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳು, ಇದು ಒಂದೇ ಕುಟುಂಬದಲ್ಲಿ ತಲೆಮಾರುಗಳವರೆಗೆ ಮುಂದುವರಿದಿತ್ತು ಎಂಬುದಕ್ಕೆ ಸಾಕ್ಷಿ. ಉಂಡ ಅನ್ನದ ಋಣ ತೀರಿಸುವ ‘ಜೋಳವಾಳಿ’, ಸಮಯ ಬಂದಾಗ ಪ್ರಾಣ ನೀಡುವ ‘ವೇಳೆವಾಳಿ’ ಎಂಬ ಮಾತುಗಳೂ ಇದೇ ಮನೋಧರ್ಮದವು.

ನಿಯಮ ಎಷ್ಟು ಬಿಗಿ?

ಸಮವಸ್ತ್ರದ ನಿಯಮ ಮೀರಿದ ಸೈನಿಕನಿಗೆ ದಂಡನೆ ವಿಧಿಸಬಹುದು. ತೊಡರಿನ ನಿಯಮ ಅದಕ್ಕಿಂತ ಕಠಿಣ. ಅದನ್ನು ಪಾಲಿಸಿದ್ದಕ್ಕೆ ಕೊನೆಯ ಪುರಾವೆ ಸಾವು ಮಾತ್ರ. ಆದರೆ ಇಲ್ಲೊಂದು ಎಚ್ಚರ ಅಗತ್ಯ. ಕಲ್ಲಿನ ಮೇಲೆ ಹೆಸರು ಪಡೆದವರು ಮಾತು ಉಳಿಸಿಕೊಂಡವರು. ತೊಡರು ಕಳಚಿಟ್ಟು ಮನೆಗೆ ಮರಳಿದವರಿದ್ದರೆ ಅವರಿಗಾಗಿ ಯಾರೂ ಕಂಬ ನಿಲ್ಲಿಸುವುದಿಲ್ಲ. ಸಾವಿರ ಎಂಬ ಸಂಖ್ಯೆಯನ್ನು ಓದುವಾಗಲೂ ಅದು ಹೊಗಳಿಕೆಯ ಶಾಸನದ್ದು ಎಂಬುದನ್ನು ಮರೆಯುವಂತಿಲ್ಲ.

ಎಲ್ಲ ದಂಡನಾಯಕರೂ ಇದೇ ದಾರಿ ಹಿಡಿಯಲಿಲ್ಲ. ಕಳಚುರಿಗಳ ಸೇವೆಯಲ್ಲಿದ್ದ ರೇಚರಸ ನಂತರ ಇದೇ ಬಲ್ಲಾಳನ ಆಶ್ರಯಕ್ಕೆ ಬಂದ. ಅರಸೀಕೆರೆಯ ಸಹಸ್ರಕೂಟ ಜಿನಾಲಯ 1220ರಲ್ಲಿ ಆತನಿಂದಲೇ ನಿರ್ಮಾಣವಾಯಿತು. ಒಬ್ಬನ ನಿಷ್ಠೆಗೆ ಕಂಬ, ಮತ್ತೊಬ್ಬನ ಬಾಳಿಗೆ ಬಸದಿ ಸಾಕ್ಷಿಯಾಗಿ ಉಳಿದಿವೆ.

ಬಟ್ಟೆಯ ಕಾಲ

ಸುಮಾರು ಐದೂವರೆ ಶತಮಾನಗಳ ನಂತರ ಮೈಸೂರು ಸೇನೆಯಲ್ಲಿ ಚಿತ್ರ ಬದಲಾಗಿತ್ತು. ಟಿಪ್ಪು ಸುಲ್ತಾನನ ಪದಾತಿ ಸೈನಿಕರು ‘ಬಬ್ರಿ’ ಎಂಬ ಹುಲಿಪಟ್ಟೆ ಮಾದರಿಯ ಉಡುಪು ಧರಿಸುತ್ತಿದ್ದರು. ‘ಫತ್-ಉಲ್-ಮುಜಾಹಿದೀನ್’ ಎಂಬ ಸೈನಿಕ ಕೈಪಿಡಿಯೇ ಸಿದ್ಧವಾಗಿತ್ತು. ರಾಕೆಟ್ ದಳದವರಿಗೂ ಅದರಲ್ಲಿ ಸೂಚನೆಗಳಿದ್ದವು. ವೈಯಕ್ತಿಕ ಪ್ರತಿಜ್ಞೆಯ ಜಾಗವನ್ನು ಲಿಖಿತ ನಿಯಮ ಆಕ್ರಮಿಸಿತ್ತು.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹಳೇಬೀಡಿಗೆ ಹೋದವರು ಈ ಕಂಬದ ಎದುರೂ ಕೆಲಹೊತ್ತು ನಿಲ್ಲುವುದು ಒಳಿತು. ರಾಜರ ವೈಭವಕ್ಕೆ ಆಳುಗಳು ತೆತ್ತ ಬೆಲೆ ಎಷ್ಟೆಂಬುದನ್ನು ಅಲ್ಲಿನ ಕಲ್ಲು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ.