ಓದಿದ್ದನ್ನೇ ಮತ್ತೆ ಓದುವ ಸುಖ

ನಿವೃತ್ತರಾದ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಪರಿಚಿತರು ಕೇಳುವುದುಂಟು. ಓದುತ್ತೇನೆ ಎಂದರೆ ಮೆಚ್ಚುಗೆಯಿಂದ ತಲೆಯಾಡಿಸುತ್ತಾರೆ. ‘ಹೊಸದೇನು ಓದಿದಿರಿ?’ ಎಂಬ ಮುಂದಿನ ಪ್ರಶ್ನೆಗೆ ‘ಹೊಸದೇನಿಲ್ಲ, ಓದಿದ್ದನ್ನೇ ಓದುತ್ತಿದ್ದೇನೆ’ ಎಂದಾಗ ಮಾತ್ರ ಅವರ ಮುಖದಲ್ಲಿ ಸಣ್ಣದೊಂದು ಕನಿಕರ ಮೂಡುತ್ತದೆ. ನನ್ನ ನೆನಪಿನ ಶಕ್ತಿ ಕುಂದಿರಬೇಕೆಂದೋ, ಪುಸ್ತಕ ಕೊಳ್ಳಲು ಪಿಂಚಣಿ ಸಾಲುತ್ತಿಲ್ಲವೆಂದೋ ಭಾವಿಸುತ್ತಾರೇನೋ ತಿಳಿಯದು. ಎರಡೂ ಕಾರಣವಲ್ಲ. ಒಮ್ಮೆ ಓದಿ ಮೆಚ್ಚಿದ ಪುಸ್ತಕವನ್ನು ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಮತ್ತೆ ಕೈಗೆತ್ತಿಕೊಳ್ಳುವುದರಲ್ಲಿ ಹೊಸ ಪುಸ್ತಕ ಕೊಡಲಾರದ ಸುಖವೊಂದಿದೆ. ಆ ಸುಖ ಯಾವಾಗಲೂ ಹಿತವಾಗಿಯೇ ಇರುತ್ತದೆಂದು ಮಾತ್ರ ಹೇಳಲಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲಿಗೇ ಕಲಿಯುವ ಪಾಠಗಳಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವೂ ಒಂದು. ಹೆಸರು ಭಾರವಾಗಿದ್ದರೂ ವಿಷಯ ಸರಳ. ಊಟದ ಎಲೆಗೆ ಬಿದ್ದ ಮೊದಲ ಹೋಳಿಗೆ ಕೊಡುವ ತೃಪ್ತಿಯನ್ನು ಎರಡನೆಯದು ಕೊಡುವುದಿಲ್ಲ. ನಾಲ್ಕನೆಯದನ್ನು ಬಡಿಸಲು ಬಂದರೆ ಕೈ ಅಡ್ಡ ಹಿಡಿಯುತ್ತೇವೆ. ಹಾಗಾದರೆ ಪುಸ್ತಕದ ಎರಡನೆಯ ಓದು ಮೊದಲನೆಯದಕ್ಕಿಂತ ರುಚಿಸುವುದೇಕೆ? ಇಂಥದೇ ಪ್ರಶ್ನೆಗೆ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟವಾದ ತಮ್ಮ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’ ಗ್ರಂಥದಲ್ಲಿ ಉತ್ತರಿಸಿದ್ದಾರೆ. ಒಳ್ಳೆಯ ಸಂಗೀತವನ್ನು ಕೇಳಿದಷ್ಟೂ ಅದರ ಮೇಲಿನ ಆಸೆ ಬೆಳೆಯುತ್ತದೆಯಲ್ಲ, ಇದು ನಿಯಮಕ್ಕೆ ಅಪವಾದವಲ್ಲವೇ ಎಂದರೆ, ಅಲ್ಲ ಎನ್ನುತ್ತಾರೆ ಅವರು. ಆ ಅನುಭವ ಒಂದು ಹೊತ್ತಿನದಲ್ಲ, ದೀರ್ಘ ಕಾಲದ್ದು. ಅಷ್ಟರಲ್ಲಿ ಕೇಳುವ ಮನುಷ್ಯನೇ ಬದಲಾಗಿರುತ್ತಾನೆ ಎಂಬುದು ಅವರ ಸಮಾಧಾನ. ಎಂ.ಎ. ಪರೀಕ್ಷೆಗಾಗಿ ಈ ಮಾತನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಗೊತ್ತಿರುವ ಕಥೆಗೆ ಮರಳುವುದು ನಮ್ಮ ನಾಡಿಗೆ ಹೊಸತೂ ಅಲ್ಲ. ಕುಮಾರವ್ಯಾಸ ಭಾರತದ ವಾಚನಕ್ಕೆ ಊರ ದೇವಸ್ಥಾನದ ಜಗಲಿಯಲ್ಲಿ ಸೇರುತ್ತಿದ್ದ ಜನರಲ್ಲಿ ಕೀಚಕ ಸಾಯುತ್ತಾನೆಂಬುದನ್ನು ಅರಿಯದವರು ಯಾರಿದ್ದರು? ಯಕ್ಷಗಾನದ ಪ್ರಸಂಗ ಹೇಗೆ ಮುಗಿಯುತ್ತದೆಂದು ತಿಳಿದೇ ಜನ ಬೆಳಗಿನವರೆಗೆ ಕುಳಿತಿರುತ್ತಿದ್ದರು. ಮುಂದೇನಾಗುತ್ತದೆ ಎಂಬ ಕಾತರ ಇಲ್ಲವಾದಾಗ, ಅದು ಹೇಗಾಗುತ್ತದೆ ಎಂಬುದರ ಮೇಲೆ ಗಮನ ನಿಲ್ಲುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದಾಗ ಹಾರುವ ಓತಿ ಸಿಕ್ಕೀತೋ ಇಲ್ಲವೋ ಎಂಬ ಧಾವಂತದಲ್ಲಿ ಒಂದೇ ರಾತ್ರಿಯಲ್ಲಿ ಅದನ್ನು ಓದಿ ಮುಗಿಸಿದ್ದೆ. ಅದು ಕೈಗೆ ಸಿಗದೆ ಹಾರಿಹೋಗುತ್ತದೆಂದು ಈಗ ಗೊತ್ತು. ಆದರೂ ವರ್ಷಕ್ಕೊಮ್ಮೆ ಆ ತಂಡದೊಡನೆ ಕಾಡು ಹತ್ತುತ್ತೇನೆ. ಅಂದು ಅವಸರದಲ್ಲಿ ದಾಟಿ ಹೋಗಿದ್ದ ಮಂದಣ್ಣನ ಮಾತುಗಳಿಗೆ ಒಬ್ಬನೇ ಕುಳಿತು ನಗುತ್ತೇನೆ. ಇದು ಮರುಓದಿನ ಹಿತವಾದ ಮುಖ.

ಇನ್ನೊಂದು ಮುಖವನ್ನು ತೋರಿಸಿದ್ದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಪ್ರಕಟವಾದ ಈ ಕಾದಂಬರಿಯ ನನ್ನ ಪ್ರತಿಗೆ ಈಗ ಸುಮಾರು ಐವತ್ತು ವರ್ಷ. ಬಿ.ವಿ. ಕಾರಂತರು ನಿರ್ದೇಶಿಸಿದ, 1975ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಸಿನಿಮಾವನ್ನು ನೋಡಿ ಬಂದವನು, ಕೈಖರ್ಚಿಗೆಂದು ಮನೆಯಿಂದ ಕಳಿಸಿದ ಹಣದಲ್ಲಿ ಪುಸ್ತಕವನ್ನೂ ಕೊಂಡಿದ್ದೆ. ಮೊದಲ ಓದಿನಲ್ಲಿ ಅತ್ತಿದ್ದು ನೆನಪಿದೆ. ಚೋಮನ ಮಗ ನೀರಿನಲ್ಲಿ ಮುಳುಗುತ್ತಿದ್ದರೂ ಮೈಲಿಗೆಯ ಭಯದಿಂದ ಯಾರೂ ಕೈನೀಡದ ಪುಟದಲ್ಲಿ, ಪಕ್ಕದ ಅಂಚನ್ನು ಪೆನ್ಸಿಲ್ಲಿನಿಂದ ಹರಿಯುವಷ್ಟು ಗೀಚಿದ್ದೇನೆ. ಎರಡನೆಯ ಸಲ ಓದಿದ್ದು ಎಂ.ಎ. ತರಗತಿಯಲ್ಲಿದ್ದಾಗ. ಜೀತ ನಿರ್ಮೂಲನ ಕಾಯ್ದೆ 1976ರಲ್ಲಿ ಬಂದಿತ್ತು. ಭೂಸುಧಾರಣೆ ಎಲ್ಲೆಲ್ಲೂ ಚರ್ಚೆಯಲ್ಲಿತ್ತು. ಆಗಿನ ನನ್ನ ಟಿಪ್ಪಣಿಗಳಲ್ಲಿ ಕಣ್ಣೀರಿಲ್ಲ, ಪಾಂಡಿತ್ಯವಿದೆ. ‘ಸಾಲ’, ‘ಜೀತ’, ‘ಕೃಷಿ ಸಂಬಂಧ’ ಎಂದೆಲ್ಲ ಅಂಚಿನಲ್ಲಿ ಬರೆದಿದ್ದೇನೆ.

ನಿವೃತ್ತಿಯ ನಂತರ ಮನೆ ಬದಲಿಸುವಾಗ ಪುಸ್ತಕ ಮತ್ತೆ ಕೈಗೆ ಬಂತು. ಪೆಟ್ಟಿಗೆ ಕಟ್ಟುವುದನ್ನು ಅಲ್ಲಿಗೇ ಬಿಟ್ಟು, ನೆಲದ ಮೇಲೆ ಕುಳಿತು ಓದಿದೆ. ಕಥೆ ಅದೇ. ಚೋಮನ ಬಳಿ ಜೋಡಿ ಎತ್ತುಗಳಿವೆ. ಉಳಲು ತನ್ನದೆನ್ನುವ ಅಂಗೈಯಗಲ ನೆಲವಿಲ್ಲ. ಬೇಸಾಯ ಮಾಡಬೇಕೆಂಬುದೊಂದೇ ಅವನ ಹಂಬಲ. ಅವನು ಹುಟ್ಟಿದ ಜಾತಿಗೆ ಅದು ಸಲ್ಲದೆಂಬುದು ಊರಿನ ಕಟ್ಟಳೆ. ಆದರೆ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದವನು ಚೋಮನಲ್ಲ, ಅವನ ಒಡೆಯ ಸಂಕಪ್ಪಯ್ಯ. ಎರಡು ಓದಿನಲ್ಲೂ ಅವನನ್ನು ‘ಶೋಷಕ’ ಎಂಬ ಒಂದು ಪದದಲ್ಲಿ ಮುಗಿಸಿದ್ದೆ. ಮೂರನೆಯ ಓದಿನಲ್ಲಿ ನೋಡುತ್ತೇನೆ, ಅವನು ಕ್ರೂರಿಯೇನಲ್ಲ. ಚೋಮನ ಬೇಡಿಕೆಗೆ ಅವನ ಮನಸ್ಸು ಕೊಂಚ ಕರಗುತ್ತದೆ ಕೂಡ. ಆದರೆ ತಾಯಿ ಒಪ್ಪುವುದಿಲ್ಲ, ಹಿಂದಿನಿಂದ ನಡೆದು ಬಂದದ್ದನ್ನು ಮೀರುವ ಧೈರ್ಯ ಅವನಿಗಿಲ್ಲ. ಮನಸ್ಸೇನೋ ಇದೆ, ಕಟ್ಟಳೆಯಲ್ಲಿ ಅವಕಾಶವಿಲ್ಲ. ಈ ಧಾಟಿ ನನಗೆ ತೀರ ಪರಿಚಿತವೆನಿಸಿತು. ಸರ್ಕಾರಿ ಸೇವೆಯುದ್ದಕ್ಕೂ ನಾನು ಆಡಿದ್ದು ಇದೇ ಮಾತನ್ನು.

1990ರ ದಶಕದ ಆರಂಭದಲ್ಲಿ ನಾನು ಹಳೇ ಮೈಸೂರು ಸೀಮೆಯ ಒಂದು ಉಪವಿಭಾಗದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಆ ಹುದ್ದೆಯಲ್ಲಿರುವವರು ಭೂ ನ್ಯಾಯಮಂಡಳಿಯ ಅಧ್ಯಕ್ಷರೂ ಆಗಿರುತ್ತಾರೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಜಮೀನುಗಳು 1974ರ ಮಾರ್ಚ್ 1ರಿಂದ ಸರ್ಕಾರದಲ್ಲಿ ನಿಹಿತವಾಗಿದ್ದವು. ಗೇಣಿದಾರರು ಅಧಿಭೋಗದ ಹಕ್ಕು ಕೋರಿ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಿತ್ತು. ಅದಕ್ಕೆ ಕೊನೆಯ ದಿನ 1979ರ ಜೂನ್ 30. ಬಹುಪಾಲು ಅರ್ಜಿಗಳು ತೀರ್ಮಾನವಾಗಿದ್ದರೂ, ಉಚ್ಚ ನ್ಯಾಯಾಲಯದಿಂದ ಮರುವಿಚಾರಣೆಗೆ ಬಂದ ಪ್ರಕರಣಗಳು ನನ್ನ ಕಾಲದವರೆಗೂ ಉಳಿದಿದ್ದವು.

ಒಂದು ದಿನ ಮೂವತ್ತಕ್ಕೂ ಹೆಚ್ಚು ಪ್ರಕರಣಗಳ ಪಟ್ಟಿಯ ನಡುವೆ ಅರವತ್ತು ದಾಟಿದ ಮುದುಕನೊಬ್ಬ ಎದುರು ನಿಂತ. ಎರಡು ಎಕರೆ ಚಿಲ್ಲರೆ ಹೊಲಕ್ಕೆ ಅವನ ಅರ್ಜಿ. ಗೇಣಿ ಚೀಟಿ ಇರಲಿಲ್ಲ, ಪಹಣಿಯಲ್ಲಿ ಅವನ ಹೆಸರಿರಲಿಲ್ಲ. ಇವನು ಗೇಣಿದಾರನಲ್ಲ, ಮನೆಯ ಆಳು. ಕೊಟ್ಟ ರಾಗಿ ಕೂಲಿಯ ಬಾಬ್ತು ಎಂಬುದು ಭೂಮಾಲೀಕರ ವಕೀಲರ ವಾದ. ಕಾನೂನಿನ ಮರ್ಮವಿದ್ದದ್ದು ಅಲ್ಲಿಯೇ. ಬೆಳೆಯಲ್ಲಿ ಮಾಲೀಕನಿಗೆ ಪಾಲು ಕೊಡುವವನು ಗೇಣಿದಾರ, ಅವನಿಗೆ ಹಕ್ಕುಂಟು. ಮಾಲೀಕನಿಂದ ಕೂಲಿ ಪಡೆಯುವವನು ಆಳು, ಅವನಿಗಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಈ ಎರಡರ ನಡುವಿನ ಗೆರೆ ಯಾರಿಗೂ ಕಾಣುವುದಿಲ್ಲ. ಕಡತದಲ್ಲಿ ಮಾತ್ರ ಕಾಣುತ್ತದೆ. ನಿನ್ನ ಬಳಿ ದಾಖಲೆ ಏನಿದೆ ಎಂದು ಕೇಳಿದೆ. ‘ನಾನಲ್ದೆ ಇನ್ಯಾರು ಉತ್ತವ್ರೆ ಬುದ್ಧಿ? ಊರ್ನ ಕೇಳಿ’ ಎಂದ.

ನಾನು ಊರನ್ನು ಕೇಳಲಿಲ್ಲ. ಅರ್ಜಿ ವಜಾ ಆಯಿತು. ಸದಸ್ಯರು ಒಪ್ಪಿದರು, ನಾನು ಸಹಿ ಹಾಕಿದೆ. ಆದೇಶದಲ್ಲಿ ಕಾನೂನಿನ ದೋಷವಿರಲಿಲ್ಲ. ಇಂದು ಬರೆಯಬೇಕಾಗಿ ಬಂದರೂ ಫಲಿತಾಂಶ ಬೇರೆಯಾಗುತ್ತಿತ್ತೆಂದು ಖಚಿತವಾಗಿ ಹೇಳಲಾರೆ. ಆದರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಸ್ಥಳ ತನಿಖೆಗೆ ಹೋಗಬಹುದಿತ್ತು. ಅಕ್ಕಪಕ್ಕದ ಹಿಡುವಳಿದಾರರ ಹೇಳಿಕೆ ಪಡೆಯಬಹುದಿತ್ತು. ಹಕ್ಕು ಸಾಬೀತಾಗದಿದ್ದರೆ, ಸರ್ಕಾರಿ ಜಮೀನಿಗೆ ದರಖಾಸ್ತು ಹಾಕಿಸಿ ಎಂದು ತಹಸೀಲ್ದಾರರಿಗೆ ಎರಡು ಸಾಲು ಬರೆಯಬಹುದಿತ್ತು. ಇವು ಯಾವುದಕ್ಕೂ ಯಾವ ನಿಯಮವೂ ಅಡ್ಡಿಯಾಗಿರಲಿಲ್ಲ.

ನನ್ನನ್ನು ಇಂದು ಕಾಡುವುದು ಆದೇಶಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಆ ಹೊತ್ತಿಗೆ ನಾನು ‘ಚೋಮನ ದುಡಿ’ಯನ್ನು ಎರಡು ಬಾರಿ ಓದಿದ್ದವನು. ಅದರ ಬಗ್ಗೆ ಸ್ನೇಹಿತರ ನಡುವೆ ವಾದ ಮಾಡಿದ್ದವನು. ಆದರೂ ಆ ದಿನ ಚೋಮನ ನೆನಪೇ ಬರಲಿಲ್ಲ. ಚೋಮನೂ ಗೇಣಿದಾರನಲ್ಲ. ದಕ್ಷಿಣ ಕನ್ನಡದ ಮೂಲಗೇಣಿಯೂ ಅವನದಲ್ಲ, ಚಾಲಗೇಣಿಯೂ ಅಲ್ಲ. ಅವನು 1974ರವರೆಗೆ ಬದುಕಿದ್ದರೂ ನಮೂನೆ 7ರಲ್ಲಿ ಬರೆಯಲು ಅವನಿಗೆ ಏನೂ ಇರುತ್ತಿರಲಿಲ್ಲ. ಲಕ್ಷಾಂತರ ಒಕ್ಕಲುಗಳನ್ನು ನೆಲದ ಒಡೆಯರನ್ನಾಗಿಸಿದ ಕಾಯ್ದೆಯ ಹೊಸ್ತಿಲಾಚೆಗೇ ಅವನು ನಿಲ್ಲಬೇಕಾಗುತ್ತಿತ್ತು. ಅದು ದೊಡ್ಡ ಕಾಯ್ದೆ, ಅದರ ಬಗ್ಗೆ ನನಗಿರುವ ಗೌರವ ಕಡಿಮೆಯಾಗಿಲ್ಲ. ಆದರೆ ಅದರ ಮಿತಿ ಎಲ್ಲಿದೆಯೆಂದು ನನಗೆ ಕಲಿಸಬೇಕಾಗಿದ್ದ ಪುಸ್ತಕ ನನ್ನ ಕಪಾಟಿನಲ್ಲಿಯೇ ಇತ್ತು. ಸೇವೆಯ ಮೂವತ್ತೈದು ವರ್ಷಗಳಲ್ಲಿ ನಾನದನ್ನು ಒಮ್ಮೆಯೂ ತೆರೆದಿರಲಿಲ್ಲ. ಓದಿಯಾಗಿದೆ ಎಂದುಕೊಂಡಿದ್ದೆ.

ಪಶ್ಚಾತ್ತಾಪ ನಿವೃತ್ತರಿಗೆ ಸುಲಭ. ಅದರಿಂದ ಆ ಮುದುಕನಿಗೆ ಒಂದು ಗುಂಟೆ ನೆಲವೂ ಸಿಗುವುದಿಲ್ಲ. ಹಾಗಿರುವಾಗ ಇದನ್ನು ಸುಖವೆಂದು ಕರೆಯುವುದು ಹೇಗೆ? ಕರೆಯುತ್ತೇನೆ, ಏಕೆಂದರೆ ಅದೇ ಓದು ನನಗೆ ಇನ್ನೊಂದನ್ನೂ ಕೊಟ್ಟಿತು. ಸಂಜೆ ಗುಡಿಸಲಿನಲ್ಲಿ ಚೋಮ ದುಡಿ ಬಾರಿಸುವ ಭಾಗಗಳನ್ನು ಕಥೆಗೆ ಅಡ್ಡಿಯೆಂಬಂತೆ ನಾನು ಹಿಂದೆ ಹಾರಿಸಿಬಿಟ್ಟಿದ್ದೆ. ಬರೀ ದುಃಖದ ದೃಷ್ಟಾಂತವಾಗಿ ನಾನು ಕಂಡಿದ್ದ ಮನುಷ್ಯನಿಗೆ ಸಂಭ್ರಮವೂ ಇತ್ತು, ಸಿಟ್ಟೂ ಇತ್ತು, ತನ್ನದೇ ಆದ ಗತ್ತೂ ಇತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಅವನಿಗಾಗಿ ಅತ್ತಿದ್ದೆ. ಇಪ್ಪತ್ತಮೂರರಲ್ಲಿ ಅವನನ್ನು ವಿಶ್ಲೇಷಿಸಿದ್ದೆ. ಅವನ ಜೊತೆ ಕುಳಿತದ್ದು ಅರವತ್ತು ದಾಟಿದ ಮೇಲೆ. ಮಾರ್ಷಲ್ ಹೇಳಿದ ಬದಲಾದ ಮನುಷ್ಯ ಎಂದರೆ ಇದೇ ಇರಬೇಕು.

ಹೊಸದಾಗಿ ಸೇವೆಗೆ ಸೇರಿದ ತರುಣ ಅಧಿಕಾರಿಗಳು ಆಗಾಗ ಮನೆಗೆ ಬರುತ್ತಾರೆ. ಯಾವ ಪುಸ್ತಕ ಓದಬೇಕೆಂದು ಕೇಳುತ್ತಾರೆ. ಕಾಯ್ದೆಗಳ ಪಟ್ಟಿ ಅವರಿಗೆ ತರಬೇತಿಯಲ್ಲಿ ಸಿಕ್ಕೇ ಸಿಗುತ್ತದೆ. ನಾನು ಹೇಳುವುದಿಷ್ಟೇ: ಕಾಲೇಜಿನಲ್ಲಿದ್ದಾಗ ನಿಮ್ಮನ್ನು ಅಳಿಸಿದ ಪುಸ್ತಕ ಯಾವುದೋ ಅದನ್ನು ವರ್ಗಾವಣೆಯಾದ ಊರಿಗೆಲ್ಲ ಕೊಂಡೊಯ್ಯಿರಿ, ಐದು ವರ್ಷಕ್ಕೊಮ್ಮೆಯಾದರೂ ಮೊದಲಿನಿಂದ ಓದಿ. ಅದು ನೀವು ಬಿಟ್ಟಲ್ಲಿಯೇ ಇರುತ್ತದೆ. ನೀವು ಎಷ್ಟು ದೂರ ಬಂದಿದ್ದೀರಿ, ಯಾವ ಕಡೆಗೆ ಬಂದಿದ್ದೀರಿ ಎಂಬುದು ಅದರಿಂದ ತಿಳಿಯುತ್ತದೆ. ನಿವೃತ್ತಿಯವರೆಗೆ ಕಾಯಬೇಡಿ.

ನನ್ನ ಪ್ರತಿಯಲ್ಲಿ ಸಂಕಪ್ಪಯ್ಯ ಹಿಂಜರಿಯುವ ಪುಟದ ಅಂಚು ಐವತ್ತು ವರ್ಷ ಖಾಲಿಯಾಗಿತ್ತು. ಈ ಸಲ ಅಲ್ಲೊಂದು ಗೆರೆ ಎಳೆದು ದಿನಾಂಕ ಹಾಕಿದ್ದೇನೆ.