ನಿಮಗಿದು ಗೊತ್ತೆ? ಅಡುಗೆಮನೆಯಲ್ಲಿ ತಯಾರಾದ ಬಲೂನು

ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಎದೆ ಕೊಯ್ಯದೆ ಬಿಡಿಸುವ ಆಂಜಿಯೋಪ್ಲಾಸ್ಟಿಯ ಆರಂಭದ ಬಲೂನುಗಳು ತಯಾರಾದದ್ದು ಜ್ಯೂರಿಕ್‌ನ ಒಂದು ಅಡುಗೆಮನೆಯಲ್ಲಿ! ಜರ್ಮನಿಯಲ್ಲಿ ಹುಟ್ಟಿದ ರಕ್ತನಾಳ ತಜ್ಞ ಆಂಡ್ರಿಯಾಸ್ ಗ್ರುಂಟ್ಸಿಗ್ ಆಸ್ಪತ್ರೆಯ ಕೆಲಸ ಮುಗಿಸಿ ಬಂದು, ಮನೆಯ ಮೇಜಿನ ಮೇಲೆ ತೆಳು ನಳಿಕೆಗಳನ್ನು ಹರಡಿಕೊಂಡು ಕೂರುತ್ತಿದ್ದರು. ನಳಿಕೆಗೆ ಕಟ್ಟಿದ ಬಲೂನು ರಬ್ಬರಿನಂತೆ ಉಬ್ಬುತ್ತಲೇ ಹೋದರೆ ನಾಳ ಒಡೆದೀತು. ಒಂದು ಅಳತೆಗೆ ಬಂದು ನಿಲ್ಲಬೇಕು. ಅದಕ್ಕೆ ಒದಗಿದ್ದು ಪಿವಿಸಿ ಪ್ಲಾಸ್ಟಿಕ್. 1974ರಲ್ಲಿ ಕಾಲಿನ ರಕ್ತನಾಳ ಬಿಡಿಸಿದರು. 1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬರ ಹೃದಯದ ರಕ್ತನಾಳವನ್ನು. ರೋಗಿ ಎಚ್ಚರವಾಗಿಯೇ ಇದ್ದರು! ಹತ್ತು ವರ್ಷದ ಬಳಿಕ ಪರೀಕ್ಷಿಸಿದಾಗಲೂ ಆ ನಾಳ ತೆರೆದೇ ಇತ್ತು. ಅದನ್ನು ಕಾಣಲು ಗ್ರುಂಟ್ಸಿಗ್ ಇರಲಿಲ್ಲ. 1985ರಲ್ಲಿ, ತಾವೇ ಚಲಾಯಿಸುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ, 46ರ ಹರೆಯದಲ್ಲೇ ತೀರಿಕೊಂಡಿದ್ದರು.