ಎಲೆ ತಾಕಿದ ಮಳೆನೀರು

‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಮಾತನ್ನು ನೀವು ಕೇಳಿದ್ದೀರಿ. ಸಕಲೇಶಪುರ ತಾಲ್ಲೂಕಿನ ಯಸಳೂರಿನಂಥ ಮಲೆನಾಡಿನಲ್ಲಿ ಇದು ಮುಂಗಾರಿನ ನಿತ್ಯಾನುಭವ. ಆದರೆ ಮರದಿಂದ ತೊಟ್ಟಿಕ್ಕುವ ನೀರು ಬಾನಿನಿಂದ ಬಿದ್ದಾಗ ಇದ್ದಂತೆಯೇ ಇರುವುದಿಲ್ಲ. ಏಕೆ ಗೊತ್ತೇ?

ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಕರಗುವುದರಿಂದ ಶುದ್ಧ ಮಳೆನೀರೂ ತುಸು ಆಮ್ಲೀಯ, ಅದರ ಪಿ.ಎಚ್. ಸುಮಾರು 5.6. ಈ ನೀರು ಮೊದಲು ಎಲೆಗಳ ಮೇಲೆ ಕುಳಿತ ಧೂಳನ್ನೂ ಲವಣದ ಕಣಗಳನ್ನೂ ತೊಳೆಯುತ್ತದೆ. ಬಳಿಕ ಎಲೆಯೊಳಗಿನ ಪೊಟ್ಯಾಸಿಯಂ ನೀರಿಗಿಳಿಯುತ್ತದೆ. ಅದು ಜೀವಕೋಶದ ರಸದಲ್ಲಿ ಬಿಡಿ ಅಯಾನುಗಳಾಗಿರುವುದರಿಂದ ಸುಲಭವಾಗಿ ಹೊರಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ವಲ್ಪ ಸ್ವಲ್ಪ ಬರುತ್ತವೆ. ಬದಲಿಗೆ ಎಲೆಗಳು ನೀರಿನ ಹೈಡ್ರೋಜನ್ ಅಯಾನುಗಳನ್ನು ಹಿಡಿದುಕೊಳ್ಳುವುದುಂಟು. ಆಗ ನೀರಿನ ಆಮ್ಲೀಯತೆ ತಗ್ಗುತ್ತದೆ.

ಈ ಪೊಟ್ಯಾಸಿಯಂ ಎಲ್ಲಿಯದು? ಹೆಚ್ಚಿನ ಪಾಲು ಬೇರುಗಳು ಮಣ್ಣಿನಿಂದ ಮೇಲೆತ್ತಿದ್ದು. ಮಳೆ ಅದನ್ನು ಮತ್ತೆ ನೆಲಕ್ಕೆ ಇಳಿಸುತ್ತದೆ, ಬೇರುಗಳು ಮತ್ತೆ ಹೀರುತ್ತವೆ. ಕಾಫಿ ತೋಟದ ನೆರಳು ಮರಗಳ ಕೆಲಸವೂ ಇದೇ. ಮರ ಕಡಿದರೆ ಈ ಚಕ್ರ ಮುರಿಯುತ್ತದೆ; ಜಡಿಮಳೆ ಮಣ್ಣಿನ ಸಾರವನ್ನು ಹಳ್ಳಕ್ಕೆ ಒಯ್ಯುತ್ತದೆ. ನಷ್ಟ ತುಂಬಲು ಬೇಕಾದ ಪೊಟ್ಯಾಷ್ ಗೊಬ್ಬರವನ್ನು ನಮ್ಮ ದೇಶ ಬಹುಪಾಲು ಹೊರನಾಡುಗಳಿಂದಲೇ ತರಿಸಬೇಕು.

ನೀವೇ ಪರೀಕ್ಷಿಸಿ: ಬಯಲಿನಲ್ಲೊಂದು, ಮರದಡಿ ಒಂದು ಶುಭ್ರವಾದ ಗಾಜಿನ ಪಾತ್ರೆ ಇಡಿ. ಎರಡರ ನೀರಿನ ಬಣ್ಣವನ್ನೂ ಪಿ.ಎಚ್. ಕಾಗದ ತೋರಿಸುವ ಅಂಕಿಯನ್ನೂ ಹೋಲಿಸಿ.